ದೇಜಪ್ಪನವರು ಅರ್ಧಕ್ಕೆ ಬಿಟ್ಟ ಡೆಕ್

ದೇಜಪ್ಪನವರು ತೀರಿಕೊಂಡ ಸುದ್ದಿ ಬಂದಾಗ ನನ್ನ ಪೈಪಿನಲ್ಲಿ ಇನ್ನೂ ನೀರಿತ್ತು. ಬೆಳಿಗ್ಗೆ ಅವರೇ ತುಂಬಿಸಿದ ನೀರು.

ನಾನು ಒಂದು ತೊಳೆಯುವ ಯಂತ್ರ. ಬಟ್ಟೆ ತೊಳೆಯುವುದಲ್ಲ. ನೀರನ್ನು ಒತ್ತಿ ಒತ್ತಿ ಚಿಮ್ಮಿಸಿ ಮನೆಯ ಗೋಡೆ, ಅಂಗಳ, ಮಹಡಿ, ಮರದ ಹಲಗೆಗಳ ಕೊಳೆ ಬಿಡಿಸುವುದು ನನ್ನ ಕೆಲಸ. ಜನ ನನ್ನನ್ನು ಪ್ರೆಶರ್ ವಾಷರ್ ಎನ್ನುತ್ತಾರೆ. ಎರಡು ಚಕ್ರ, ಒಂದು ಪೆಟ್ರೋಲ್ ಎಂಜಿನ್, ಒಂದು ಪಂಪು, ಉದ್ದದ ಪೈಪು, ಅದರ ತುದಿಗೆ ಒಂದು ಗನ್ನು. ಇಷ್ಟೇ ನನ್ನ ದೇಹ.

ಆ ದಿನ ನಾನು ಮುಲ್ಕಿಯ ಹತ್ತಿರ ಶಾಂಭವಿ ಹೊಳೆಯ ಬದಿಯಲ್ಲಿ ವಾರಿಜಾಕ್ಷಿಯಮ್ಮನ ಮನೆಯಲ್ಲಿದ್ದೆ. ಮನೆಯ ಹಿಂದೆ ಹೊಳೆಯ ಕಡೆಗೆ ಚಾಚಿದ ಅಗಲವಾದ ಮರದ ಡೆಕ್ ಇದೆ. ಸಂಜೆ ಕುರ್ಚಿ ಹಾಕಿ ಕೂರುವ ಜಾಗ. ಹಲವು ಮಳೆಗಾಲ ಕಂಡು ಅದರ ಹಲಗೆಗಳು ಕಪ್ಪಾಗಿದ್ದವು. ದೇಜಪ್ಪನವರು ಹಳೆಯ ಎಣ್ಣೆಯ ಪದರ ಬಿಡಿಸಿ ಅರ್ಧಕ್ಕಿಂತ ಹೆಚ್ಚು ತೊಳೆದಿದ್ದರು. ನಡುವೆ ಒಮ್ಮೆ ನನ್ನನ್ನು ನಿಲ್ಲಿಸಿ ಎದೆ ನೀವಿಕೊಂಡರು.

"ಎದೆ ಸ್ವಲ್ಪ ಹಿಡಿದ ಹಾಗೆ ಆಗ್ತದೆ ಅಮ್ಮ. ಡಾಕ್ಟರಿಗೆ ತೋರಿಸಿ ಬರ್ತೇನೆ. ಮಷಿನ್ ಇಲ್ಲೇ ಇರ್ಲಿ" ಎಂದು ವಾರಿಜಾಕ್ಷಿಯಮ್ಮನಿಗೆ ಹೇಳಿ ರಿಕ್ಷಾ ಹತ್ತಿದರು.

ಸಂಜೆ ವಾರಿಜಾಕ್ಷಿಯಮ್ಮನ ಫೋನು ಬಡಿಯಿತು. "ಯಾರು? ದೇಜಪ್ಪನಾ? ಬೆಳಿಗ್ಗೆ ಇಲ್ಲೇ ಇದ್ದನಲ್ಲ" ಎಂದರು. ಫೋನು ಇಟ್ಟರು. ಆಮೇಲೆ ಕೆಲಸದವಳನ್ನು ಕರೆದು, "ಆ ಮಷಿನನ್ನು ಗೇಟಿನ ಹೊರಗೆ ಇಡು. ಸತ್ತವನದ್ದು ಮನೆ ಒಳಗೆ ಯಾಕೆ?" ಎಂದರು.

ನಾನು ಗೇಟಿನ ಹೊರಗೆ ನಿಂತೆ. ಬೆಳಿಗ್ಗೆಯಿಂದ ಆ ಮನೆಯ ಕೊಳೆ ತೊಳೆದವನು ಸಂಜೆಗೆ ನಾನೇ ಕೊಳೆಯಾಗಿದ್ದೆ. ಆ ಮಾತನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ನನ್ನ ಹುಟ್ಟು ದೂರದ ಕಾರ್ಖಾನೆಯೊಂದರಲ್ಲಿ. ಕಬ್ಬಿಣ, ಹಿತ್ತಾಳೆ, ರಬ್ಬರು ಸೇರಿಸಿ ಯಾರೋ ನನ್ನನ್ನು ಜೋಡಿಸಿದರು. ಅವರ ಮುಖ ನೆನಪಿಲ್ಲ. ಮೊದಲು ನನ್ನನ್ನು ಕೊಂಡವನು ಹೆದ್ದಾರಿ ಬದಿಯಲ್ಲಿ ಲಾರಿ ತೊಳೆಯುವ ಅಂಗಡಿಯವನು. ಅಲ್ಲಿ ನನಗೆ ಒಂದೇ ವಿದ್ಯೆ, ಪೂರಾ ಜೋರು. ಲಾರಿಯ ಅಡಿಯ ಕೆಸರು, ಮೀನಿನ ವಾಸನೆ, ಗ್ರೀಸು ಎಲ್ಲವನ್ನೂ ಹೊಡೆದೋಡಿಸುತ್ತಿದ್ದೆ. ಜೋರಿದ್ದರೆ ಎಲ್ಲವೂ ಆಗುತ್ತದೆ ಎಂದು ತಿಳಿದಿದ್ದೆ. ಅಂಗಡಿ ಮುಚ್ಚಿದಾಗ ದೇಜಪ್ಪನವರು ಬಂದು ನನ್ನನ್ನು ಕೊಂಡೊಯ್ದರು.

ದೇಜಪ್ಪನವರು ಅದಕ್ಕೂ ಮೊದಲು ಬಂದರಿನಲ್ಲಿ ಮರದ ದೋಣಿಗಳ ಕೆಲಸ ಮಾಡಿದವರು. ದೋಣಿಯ ಹಲಗೆ ಕೆರೆಯುವುದು, ಸಂದಿಗೆ ಹತ್ತಿ ತುಂಬುವುದು, ಎಣ್ಣೆ ಕುಡಿಸುವುದು. ಮರದ ದೋಣಿಗಳು ಕಡಿಮೆಯಾಗಿ ಫೈಬರ್ ದೋಣಿಗಳು ಬಂದ ಮೇಲೆ ಮನೆ ತೊಳೆಯುವ ಕೆಲಸಕ್ಕೆ ಇಳಿದರು. ನಮ್ಮ ಕರಾವಳಿಯಲ್ಲಿ ಮಳೆಗಾಲ ಮುಗಿಯಿತೆಂದರೆ ಕೆಂಪುಕಲ್ಲಿನ ಕಂಪೌಂಡು, ಇಂಟರ್‌ಲಾಕ್ ಹಾಸಿದ ಅಂಗಳ, ಮನೆಯ ಮೆಟ್ಟಿಲು, ಎಲ್ಲ ಕಡೆ ಪಾಚಿ. ಕಾಲಿಟ್ಟರೆ ಜಾರುತ್ತದೆ. ಆದ್ದರಿಂದ ಕೆಲಸಕ್ಕೆ ಬರವಿರಲಿಲ್ಲ.

ಅವರ ಕೈಯಲ್ಲಿ ನಾನು ತಗ್ಗುವುದನ್ನು ಕಲಿತೆ. ಕಲ್ಲಿಗೆ ಒಂದು ಜೋರು, ಹಂಚಿಗೆ ಒಂದು, ಮರಕ್ಕೆ ಇನ್ನೊಂದು. ಮರಕ್ಕೆ ಹೋಗುವಾಗ ನೀರನ್ನು ಬೀಸಣಿಗೆಯ ಹಾಗೆ ಹರಡುವ ನಾಝಲನ್ನು ಗನ್ನಿನ ಬಾಯಿಗೆ ಹಾಕಿ, ಹಲಗೆಯ ನಾರು ಹೋದ ದಿಕ್ಕಿನಲ್ಲೇ ಗನ್ನು ಸರಿಸುತ್ತಿದ್ದರು. "ಮರ ಅಂದ್ರೆ ಚರ್ಮದ ಹಾಗೆ, ಗಾಯ ಮಾಡಬಾರದು" ಎಂದು ಹೆಂಡತಿ ಸುಗಂಧಿಯಮ್ಮನಿಗೆ ಹೇಳುತ್ತಿದ್ದರು. ಯಾರ ಮನೆಯಲ್ಲೇ ಆಗಲಿ, ತುಳಸಿಕಟ್ಟೆಯ ಹತ್ತಿರ ನನ್ನನ್ನು ಒಯ್ಯುತ್ತಿರಲಿಲ್ಲ. ಅದನ್ನು ತೆಂಗಿನ ನಾರು ಹಿಡಿದು ಕೈಯಿಂದಲೇ ತಿಕ್ಕುತ್ತಿದ್ದರು.

ಸುಗಂಧಿಯಮ್ಮನೂ ಜೊತೆಗೆ ಬರುತ್ತಿದ್ದರು. ತೊಳೆದು ಒಣಗಿದ ಮರಕ್ಕೆ ಅಗಸೆ ಎಣ್ಣೆ ಉಜ್ಜುವುದು ಅವರ ಪಾಲಿನ ಕೆಲಸ. ಗಂಡ ಊಟಕ್ಕೆ ಕೂತಾಗ ಗನ್ನು ಹಿಡಿಯುವುದೂ ಉಂಟು. ಮೊದಲ ಸಲ ಹಿಡಿದಾಗ ನೀರಿನ ಹಿಂದೊತ್ತಿಗೆ ಜಾರಿ ಕೆಸರಿನಲ್ಲಿ ಕೂತುಬಿಟ್ಟಿದ್ದರು. ದೇಜಪ್ಪನವರು ನಗಲಿಲ್ಲ. ಮನೆಗೆ ಹೋದ ಮೇಲೆ ಅಂಗಳದಲ್ಲಿ ಕೂತು ಬೇಕಾದಷ್ಟು ನಕ್ಕರು.

ಅಂಥವರು ಹೋದರು. ಅವರ ತಮ್ಮ ಪದ್ಮನಾಭ ಗೂಡ್ಸ್ ಟೆಂಪೋ ತಂದು ನನ್ನನ್ನು ಗೇಟಿನಿಂದ ಎತ್ತಿಕೊಂಡು ಹೋದ. ಮನೆಯಲ್ಲಿ ಅಳು. ನನ್ನನ್ನು ಶೆಡ್ಡಿನಲ್ಲಿಟ್ಟರು.

ಸೂತಕ ಇನ್ನೂ ಕಳೆದಿರಲಿಲ್ಲ. ಒಂದು ಬೆಳಿಗ್ಗೆ ಪದ್ಮನಾಭ ಶೆಡ್ಡಿನ ಬಾಗಿಲು ತೆಗೆದ.

"ಎಲ್ಲಿಗೆ?" ಎಂದು ಸುಗಂಧಿಯಮ್ಮ ಒಳಗಿನಿಂದ ಕೇಳಿದರು.

"ಮುಲ್ಕಿಗೆ ಅತ್ತಿಗೆ. ಅಣ್ಣ ಬಿಟ್ಟ ಕೆಲಸ ಮುಗಿಸಿ ಮಷಿನ್ ಮಾರಿಬಿಡುವ. ಹೆಂಗಸರು ಇನ್ನು ಇದನ್ನು ಹಿಡ್ಕೊಂಡು ಎಂತ ಮಾಡ್ಲಿಕ್ಕುಂಟು?"

ಉತ್ತರಕ್ಕೆ ಕಾಯದೆ ಅವನು ನನ್ನನ್ನು ಟೆಂಪೋಗೆ ಏರಿಸಿ ವಾರಿಜಾಕ್ಷಿಯಮ್ಮನ ಮನೆಗೆ ಒಯ್ದ.

ಪದ್ಮನಾಭ ಕೆಟ್ಟವನಲ್ಲ, ಆತುರದವನು. ಹಗ್ಗ ಎಳೆದು ನನ್ನನ್ನು ಚಾಲೂ ಮಾಡಿದ. ಕೈಗೆ ಸಿಕ್ಕಿದ ನಾಝಲ್ ಹಾಕಿದ. ಅದು ಕಲ್ಲಿನ ಸಂದಿಗೆ ಹಾಕುವ ಸೂಜಿಯಂಥದ್ದು. ಜೋರು ಪೂರಾ ತಿರುಗಿಸಿದ. ನನ್ನ ಬಾಯಿ ಹಿಡಿದವರ ಕೈಯಲ್ಲಿರುತ್ತದೆ, ನಾನೇ ಮುಚ್ಚಲಾರೆ. ನೀರು ಹಲಗೆಯ ಮೇಲೆ ಬಿದ್ದದ್ದೇ ಮರದ ನಾರು ಕಿತ್ತು ಹಾರಿತು. ಅವನು ಅಡ್ಡಕ್ಕೆ ಬೀಸಿದ, ಇನ್ನೊಮ್ಮೆ ಬೀಸಿದ. ತಪ್ಪು ತಿಳಿಯುವಷ್ಟರಲ್ಲಿ ನಡುವಿನ ಹಲಗೆಗಳು ಉತ್ತ ಗದ್ದೆಯ ಹಾಗೆ ಗೀರುಬಿದ್ದಿದ್ದವು.

ವಾರಿಜಾಕ್ಷಿಯಮ್ಮ ಓಡಿ ಬಂದರು. ಮೊಮ್ಮಗಳ ನಿಶ್ಚಿತಾರ್ಥ ಅದೇ ಡೆಕ್ಕಿನ ಮೇಲೆ ಆಗಬೇಕೆಂದು ಇಟ್ಟುಕೊಂಡಿದ್ದವರು ಅವರು. "ಎಂತ ಮಾಡಿದೆ ಮಾರಾಯ? ಸಾಕು, ಇದನ್ನು ಕಿತ್ತು ಟೈಲ್ಸ್ ಹಾಕಿಸ್ತೇನೆ. ಮುಂದಿನ ವಾರವೇ ಜನ ಕರೆಸ್ತೇನೆ" ಎಂದರು. ಪದ್ಮನಾಭ ತಲೆತಗ್ಗಿಸಿ ನನ್ನನ್ನು ಟೆಂಪೋಗೆ ಹಾಕಿದ.

ಎಣ್ಣೆಯ ಪದರ ಹೋದ ಹಲಗೆ ಚರ್ಮ ಸುಲಿದ ಮೈಯಂತೆ. ಎಣ್ಣೆ ಕುಡಿಸದೆ ಬಿಟ್ಟರೆ ಬಿಸಿಲಿಗೆ ಸೀಳುತ್ತದೆ, ಮೊದಲ ಮಳೆಗೆ ಕರ್ರಗಾಗುತ್ತದೆ. ದೇಜಪ್ಪನವರ ಕೊನೆಯ ಕೆಲಸ ಹಾಗೆ ಬಿದ್ದಿತ್ತು. ಅದನ್ನು ಕಿತ್ತರೆ ಊರಿನಲ್ಲಿ ಅವರ ಹೆಸರಿಗೆ ಉಳಿಯುವ ಮಾತು ಯಾವುದು? ದೇಜಪ್ಪ ಹಾಳು ಮಾಡಿದ ಡೆಕ್ಕು ಎಂದೇ. ತಮ್ಮ ಮಾಡಿದ್ದೆಂದು ಯಾರು ನೆನಪಿಡುತ್ತಾರೆ?

ಉತ್ತರಕ್ರಿಯೆ ಮುಗಿದ ಮರುದಿನ ಸುಗಂಧಿಯಮ್ಮ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಪದ್ಮನಾಭನೊಂದಿಗೆ ವಾರಿಜಾಕ್ಷಿಯಮ್ಮನ ಮನೆಗೆ ಹೋದರು. ನಾನು ಟೆಂಪೋದ ಹಿಂದೆ ಇದ್ದೆ, ಎಲ್ಲವನ್ನೂ ಕೇಳಿದೆ.

"ಕೆಲಸ ನಾನು ಮುಗಿಸ್ತೇನೆ ಅಮ್ಮ."

"ನೀನಾ? ಸುಗಂಧಿ, ಹೇಳಿದ್ರೆ ಬೇಜಾರು ಮಾಡ್ಬೇಡ. ಮನೆಯಲ್ಲಿ ಶುಭಕಾರ್ಯ ಉಂಟು. ನಿನ್ನೆ ಮೊನ್ನೆ ಗಂಡ ಹೋದವಳು ನೀನು. ಒಂದು ವರ್ಷ ಕಳೆಯಲಿ."

"ಒಂದು ವರ್ಷ ಆದ್ರೆ ಹಲಗೆ ಇರ್ತದಾ?"

"ಹಲಗೆ ಹೇಗೂ ತೆಗೆಸ್ತೇನೆ."

ಸುಗಂಧಿಯಮ್ಮ ಮೆಟ್ಟಿಲು ಇಳಿಯಲಿಲ್ಲ. "ಪದ್ಮನಾಭ ಸೂತಕ ಇರುವಾಗಲೇ ಬಂದು ಇಲ್ಲಿ ನೀರು ಹಾಯಿಸಿದ. ಆಗ ನೀವು ಕಾಫಿ ಸಹ ಕೊಟ್ಟಿದ್ರಿ. ಸತ್ತದ್ದು ಅವನ ಅಣ್ಣ ಅಲ್ವಾ?"

"ಗಂಡಸರದ್ದು ಬೇರೆ."

"ಕೊಳೆಗೆ ಗಂಡಸು ಹೆಂಗಸು ಗೊತ್ತಾಗ್ತದಾ ಅಮ್ಮ? ಮೂರು ವರ್ಷದ ಹಿಂದೆ ಈ ಹಲಗೆಗೆ ಎಣ್ಣೆ ಹಾಕಿದ್ದು ನಾನೇ. ಟೈಲ್ಸಿನವರು ಬರುವವರೆಗೆ ಇದು ಮರ. ನಮ್ಮವರು ಬಿಟ್ಟ ಕೆಲಸ. ನಾನು ಮುಗಿಸಿದ ಮೇಲೆ ನೀವು ಕಿತ್ತರೂ ಒಂದು ಮಾತು ಕೇಳುವುದಿಲ್ಲ. ಅರ್ಧ ಬಿಟ್ಟು ಹೋದ ಅಂತ ಮಾತ್ರ ಅವರಿಗೆ ಯಾರೂ ಹೇಳಬಾರದು."

ವಾರಿಜಾಕ್ಷಿಯಮ್ಮ ಬಾಗಿಲಿಗೆ ಕೈ ಊರಿದರು. "ಎಂತ ಹಠ ನಿನ್ನದು. ಹಿಂದಿನ ಗೇಟಿನಿಂದ ಬಾ. ನಮ್ಮ ಟ್ಯಾಪ್ ಮುಟ್ಬೇಡ. ಮನೆ ಒಳಗೆ ಕಾಲಿಡ್ಬೇಡ" ಎಂದು ಬಾಗಿಲು ಹಾಕಿಕೊಂಡರು.

ನೀರಿಲ್ಲದೆ ನಾನು ಏನು? ಬರಿ ಸದ್ದು. ಎದುರಿಗೆ ಹೊಳೆ ಉಬ್ಬರಕ್ಕೆ ತುಂಬಿ ನಿಂತಿತ್ತು, ಆದರೆ ಅಲ್ಲಿ ಕಡಲಿನ ಉಪ್ಪು ಒಳಗೆ ಬರುತ್ತದೆ. ಆ ನೀರು ಕುಡಿದರೆ ನನ್ನ ಪಂಪು ತಿಂದುಹೋಗುತ್ತದೆ, ಹಲಗೆಗೂ ಒಳ್ಳೆಯದಲ್ಲ. ಸುಗಂಧಿಯಮ್ಮ ಟೆಂಪೋ ಹತ್ತಿ, "ಮನೆಗೆ ಬಿಡು. ನೀಲಿ ಡ್ರಮ್ಮುಗಳನ್ನೆಲ್ಲ ತೊಳಿ. ನಮ್ಮ ಬಾವಿಯಲ್ಲಿ ನೀರುಂಟು" ಎಂದರು.

"ಅತ್ತಿಗೆ, ನಿಮಗೆ ಹುಚ್ಚು. ಅವರು ಕಿತ್ತು ಬಿಸಾಡುವ ಹಲಗೆಗೆ ನಾವು ಮನೆಯ ನೀರು ಹೊರುವುದಾ?"

"ಹೊರುವುದು ನಾನಲ್ಲ, ನೀನು."

ಹೀಗೆ ದೇಜಪ್ಪನವರ ಬಾವಿಯ ನೀರು ಡ್ರಮ್ಮುಗಳಲ್ಲಿ ಕುಲುಕುತ್ತ ಮುಲ್ಕಿಗೆ ಬಂತು. ನಾನು ಅದುವರೆಗೆ ಎಷ್ಟೋ ಮನೆಗಳ ನೀರು ಕುಡಿದಿದ್ದೆ. ನಮ್ಮ ಮನೆಯ ನೀರನ್ನು ಇನ್ನೊಬ್ಬರ ಮನೆಗೆ ಚಿಮ್ಮಿಸಿದ್ದು ಅದೇ ಮೊದಲು.

ಗೀರುಬಿದ್ದ ಹಲಗೆಗಳನ್ನು ತೊಳೆದು ಸರಿಮಾಡಲು ಆಗುವುದಿಲ್ಲ. ಸುಗಂಧಿಯಮ್ಮ ಬಹಳ ಹೊತ್ತು ಅವುಗಳ ಮೇಲೆ ಕೈಯಾಡಿಸಿದರು. ಉಜ್ಜಿ ನೋಡಿದರು. ಗೀರು ಆಳಕ್ಕೆ ಹೋಗಿತ್ತು. ಸೋತವರಂತೆ ಕೂತರು. ಆಮೇಲೆ ಡೆಕ್ಕಿನ ಅಡಿಗೆ ಬಗ್ಗಿ ನೋಡಿ ಎದ್ದರು.

"ಸ್ಕ್ರೂ ಬಿಚ್ಚು. ಹಲಗೆ ಮಗುಚಿ ಹಾಕುವ. ಅಡಿಯ ಮೈ ಚೆಂದ ಉಂಟು."

"ಇಷ್ಟೂ ಹಲಗೆಯಾ?"

"ನೀನು ಉತ್ತ ಗದ್ದೆ. ಮಗುಚಲಿಕ್ಕೂ ನೀನೇ."

ಪದ್ಮನಾಭ ಗೊಣಗುತ್ತ ಬಿಚ್ಚಿದ. ತುಕ್ಕು ಹಿಡಿದ ಸ್ಕ್ರೂ ಮುರಿದಾಗಲೆಲ್ಲ ಅತ್ತಿಗೆಯ ಮುಖ ನೋಡಿದ. ಅವರು ನೋಡದವರಂತೆ ಇದ್ದರು. ಮಗುಚಿದ ಹಲಗೆಗಳು ಕೂತವು. ಸುಗಂಧಿಯಮ್ಮ ಹರಡುವ ನಾಝಲ್ ಹಾಕಿ, ಜೋರು ತಗ್ಗಿಸಿ, ನಾರಿನ ದಿಕ್ಕಿನಲ್ಲಿ ನನ್ನನ್ನು ನಡೆಸಿದರು. ಮೊದಲು ಒಂದು ಕಡೆ ಗನ್ನು ತಡೆದು ನಿಂತು ಗುರುತು ಬಿತ್ತು. ಅದನ್ನು ಮರಳುಕಾಗದದಿಂದ ಉಜ್ಜಿ ತೆಗೆದರು. ಸಂಜೆಯ ಹೊತ್ತಿಗೆ ಕೈ ಕುದುರಿತ್ತು. ಕಪ್ಪು ನೀರು ಹಲಗೆಯ ಸಂದಿಯಿಂದ ಇಳಿದು ಹೋಗುತ್ತಿತ್ತು, ಮರ ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು.

ವೈಶಾಖದ ಬಿಸಿಲಿಗೆ ಹಲಗೆ ಬೇಗ ಒಣಗಿತು. ಸುಗಂಧಿಯಮ್ಮ ಮೊಣಕಾಲೂರಿ, ಬಾಯಲ್ಲಿ ದೇವರ ನಾಮ ಹೇಳುತ್ತ, ಬಟ್ಟೆಯಿಂದ ಎಣ್ಣೆ ಕುಡಿಸಿದರು. ನಡುನಡುವೆ ಅಳುತ್ತಿದ್ದರು. ಕಣ್ಣೀರು ಹಲಗೆಗೆ ಬಿದ್ದರೆ ಎಣ್ಣೆ ಹಿಡಿಯುವುದಿಲ್ಲವೆಂದು ತೋಳಿನಿಂದ ಒರೆಸಿಕೊಳ್ಳುತ್ತಿದ್ದರು.

ಕೆಲಸ ಮುಗಿದ ದಿನ ವಾರಿಜಾಕ್ಷಿಯಮ್ಮ ಹಿಂಬಾಗಿಲು ತೆಗೆದು ಹೊರಗೆ ಬಂದರು. ಚಪ್ಪಲಿ ಕಳಚಿಟ್ಟು ಬರಿಗಾಲಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದರು. ಮಗುಚಿದ ಹಲಗೆಗಳ ಮೇಲೆ ನಿಂತು ಕಾಲಿನಿಂದಲೇ ಸವರಿ ನೋಡಿದರು.

"ಟೈಲ್ಸಿನವರಿಗೆ ಬರುವುದು ಬೇಡ ಅಂತ ಹೇಳ್ತೇನೆ" ಎಂದರು. ಸ್ವಲ್ಪ ತಡೆದು, "ಆದ್ರೆ ನಿಶ್ಚಿತಾರ್ಥದ ದಿನ ನೀನು ಈ ಕಡೆ ಬರ್ಬೇಡ ಆಯ್ತಾ" ಎಂದರು.

"ಕರೆದರೂ ಬರುವುದಿಲ್ಲ ಅಮ್ಮ. ಮಕ್ಕಳಿಗೆ ಒಳ್ಳೇದಾಗಲಿ. ಆದ್ರೆ ಮುಂದಿನ ವರ್ಷ ಎಣ್ಣೆ ಹಾಕ್ಲಿಕ್ಕೆ ಬರುವುದು ನಾನೇ. ಮುಂದಿನ ಗೇಟಿನಿಂದ ಬರ್ತೇನೆ. ನಿಮ್ಮ ಟ್ಯಾಪಿನ ನೀರೇ ಬೇಕು. ಅದು ಆಗುವುದಿಲ್ಲ ಅಂದ್ರೆ ಈಗಲೇ ಹೇಳಿ."

ವಾರಿಜಾಕ್ಷಿಯಮ್ಮ ಚಪ್ಪಲಿ ಮೆಟ್ಟಿ ಒಳಗೆ ಹೋದರು. ಮುಂದಿನ ವರ್ಷ ಅವರೇ ಫೋನು ಮಾಡಿದರು. ನಾವು ಮುಂದಿನ ಗೇಟಿನಿಂದಲೇ ಒಳಗೆ ಹೋದೆವು.

ಪದ್ಮನಾಭ ನನ್ನನ್ನು ಮಾರುವ ಮಾತನ್ನು ಮತ್ತೆ ಎತ್ತಲಿಲ್ಲ. ಅತ್ತಿಗೆಯ ಕೆಲಸಕ್ಕೆ ಟೆಂಪೋ ಓಡಿಸುತ್ತ, ಅತ್ತಿಗೆಯಿಂದ ಬೈಸಿಕೊಳ್ಳುತ್ತ ಕೆಲಸ ಕಲಿತ. ಕೆಲವು ಮನೆಯವರು ಸುಗಂಧಿಯಮ್ಮನನ್ನು ಕಂಡು ಬಾಗಿಲಿನಿಂದಲೇ ಕಳಿಸಿದರು. ಅವರ ಅಂಗಳದಲ್ಲಿ ಪಾಚಿ ಇನ್ನೂ ಇರಬಹುದು. ನಾವು ಬೇರೆ ಮನೆಗೆ ಹೋದೆವು. ಹಬ್ಬದ ಮುಂಚೆ, ಮದುವೆಯ ಮುಂಚೆ, ಗೃಹಪ್ರವೇಶದ ಮುಂಚೆ ಹೋದೆವು. ನಾವು ತೊಳೆದ ಅಂಗಳದಲ್ಲಿ ಹುಡುಗಿಯರು ರಂಗೋಲಿ ಹಾಕಿದರು. ಯಾವ ಮನೆಗೂ ಕೇಡಾಗಲಿಲ್ಲ.

ಈಗ ನಾನು ಮುದಿಯಾಗಿದ್ದೇನೆ. ಪಂಪಿನ ಸೀಲು ಸವೆದು ನೀರು ಸೋರುತ್ತದೆ. ಚಕ್ರವೊಂದು ಓಲಾಡುತ್ತದೆ. ಸುಗಂಧಿಯಮ್ಮ ಹೊಸ ಯಂತ್ರ ತಂದಿದ್ದಾರೆ, ಅದು ನನ್ನಷ್ಟು ಗದ್ದಲ ಮಾಡುವುದಿಲ್ಲ. ನಾನು ಶೆಡ್ಡಿನ ಮೂಲೆಯಲ್ಲಿದ್ದೇನೆ. ಗುಜರಿಯವನು ಬಂದು ಕಬ್ಬಿಣದ ಬೆಲೆಗೆ ಕೇಳಿದರೆ, "ಅದು ಕೊಡುವ ಸಾಮಾನಲ್ಲ. ಮುಂದಿನ ಮನೆಗೆ ಹೋಗು" ಎನ್ನುತ್ತಾರೆ.

ನನ್ನ ಆಯುಷ್ಯದಲ್ಲಿ ನಾನು ತಿಳಿದದ್ದು ಇಷ್ಟು. ಪಾಚಿ ತೊಳೆಯಬಹುದು, ಗ್ರೀಸು ತೊಳೆಯಬಹುದು. ಹೆಂಗಸಿನ ಹಣೆಯ ಮೇಲೆ ಜನ ಹಚ್ಚುವ ಕೊಳೆಯನ್ನು ಯಾವ ಯಂತ್ರವೂ ತೊಳೆಯಲಾರದು, ಏಕೆಂದರೆ ಅದು ಅಲ್ಲಿ ಇಲ್ಲವೇ ಇಲ್ಲ. ಇದನ್ನು ಹೇಳಲು ನನಗೆ ಯಾರ ಅಪ್ಪಣೆಯೂ ಬೇಡ.

ಸಂಜೆ ದೀಪ ಹಚ್ಚಿದ ಮೇಲೆ ಸುಗಂಧಿಯಮ್ಮ ಅಂಗಳದಲ್ಲಿ ಕೈಮುಗಿದು ನಿಲ್ಲುತ್ತಾರೆ. ನನಗೆ ಮುಗಿಯಲು ಕೈಗಳಿಲ್ಲ. ಅವರ ಮಾತಿಗೆ ನನ್ನ ಮಾತನ್ನು ಸೇರಿಸುತ್ತೇನೆ. ದೇವರೇ, ಊರಿನ ಅಂಗಳಗಳನ್ನೆಲ್ಲ ತೊಳೆದು ದಣಿದ ದೇಜಪ್ಪನವರ ಆತ್ಮಕ್ಕೆ ನಿನ್ನ ಪಾದದ ಬಳಿ ಒಂದಿಷ್ಟು ತಂಪಾದ ಜಾಗ ಕೊಡು. ಅವರಿಗೆ ಶಾಂತಿಯಾಗಲಿ.