ಔತಕುಟ್ಟಿಯ ಎಡಗಾಲು

ಔತಕುಟ್ಟಿಯ ಎಡಗಾಲು ಎಷ್ಟು ಹೊಳೆಯುತ್ತಿತ್ತೆಂದರೆ, ಯೇಸುವಿನ ಕಡೆಯ ಭೋಜನ ನೆನೆಯುವ ಆ ಪೆಸಹಾ ಗುರುವಾರ ನಮ್ಮ ಇಗರ್ಜಿಯಲ್ಲಿ ಕರೆಂಟು ಹೋದದ್ದೇ ಯಾರಿಗೂ ಗೊತ್ತಾಗಲಿಲ್ಲ. ಮುದುಕಿಯರು ಅದರ ಬೆಳಕಿನಲ್ಲೇ ಕೀರ್ತನೆ ಪುಸ್ತಕ ಓದಿ ಮುಗಿಸಿದರು.

ಅವತ್ತಿನ ಬಲಿಪೂಜೆಯಲ್ಲಿ ಪಾದ್ರಿಗಳು ಮಂಡಿಯೂರಿ ಹನ್ನೆರಡು ಹಿರಿಯರ ಒಂದೊಂದು ಕಾಲು ತೊಳೆದು, ಒರೆಸಿ, ಮುತ್ತಿಡುತ್ತಾರೆ. ಈ ಸಲ ಔತಕುಟ್ಟಿಗೂ ಕರೆ ಬಂದಿತ್ತು. ಬಂದದ್ದೇ ತಡ, "ವಿನಯದಲ್ಲಿ ನನ್ನ ಮೀರಿಸೋ ಗಂಡಸು ಕೋಟ್ಟಯಂ ಜಿಲ್ಲೇಲೇ ಹುಟ್ಟಿಲ್ಲ" ಎಂದು ಊರಿಗೆಲ್ಲ ಸಾರಿಕೊಂಡು ಬಂದ.

ಹೆಂಡತಿ ಏಲಿಕುಟ್ಟಿಗೆ ಕೇಳಿ ಕೇಳಿ ಕಿವಿ ತೂತಾಯಿತು. "ಇಚ್ಚಾಯಾ, ಗುರುವಾರ ಸಂಜೆ ಒಂದೇ ಒಂದು ಜಂಬದ ಮಾತು ಬಂದ್ರೂ ಪೆಸಹಾ ಅಪ್ಪ ನಾನೇ ಮುರೀತೀನಿ. ನೀವು ಮೂಲೇಲಿ ಕೂತು ತಿನ್ನಿ."

ಅಪ್ಪ ಎಂದರೆ ಅವತ್ತು ಮಾಡುವ ಹುಳಿ ಬರಿಸದ ಅಕ್ಕಿ ರೊಟ್ಟಿ; ಅದನ್ನು ಮುರಿದು ಹಂಚುವುದು ಮನೆಯ ಯಜಮಾನನ ಹಕ್ಕು. ಅದು ಕೈತಪ್ಪಿದರೆ ಸೊಸೆಯಂದಿರ ಮುಂದೆ ಮೀಸೆ ಮಣ್ಣಾದಂತೆಯೇ. ಔತಕುಟ್ಟಿ ಬಾಯಿಗೆ ಬೀಗ ಹಾಕಿ, ತೆಂಗಿನ ನಾರು, ಇಟ್ಟಿಗೆ ಚೂರು ಹಿಡಿದು ಬಾವಿಕಟ್ಟೆಗೆ ಹೋದ. ತಿಕ್ಕಿದ್ದು ಎಡಗಾಲನ್ನು ಮಾತ್ರ. ಜೀವಮಾನವಿಡೀ ಎದುರಿನ ಬೆಂಚಿನಿಂದ ನೋಡಿದ್ದನಲ್ಲ, ತೊಳೆಯುವ ಕಾಲು ಯಾವಾಗಲೂ ಅವನ ಎಡಗೈ ಕಡೆಗೇ ಇರುತ್ತಿತ್ತು. ಬಲಗಾಲಿಗೆ ಸೋಪು ಯಾಕೆ ದಂಡ? ಅದರ ಮೇಲೆ ರಬ್ಬರ್ ಹಾಲು, ಮರಗೆಣಸಿನ ಗದ್ದೆಯ ಮಣ್ಣು ಪದರ ಪದರವಾಗಿ ಕೂತಿತ್ತು. ಅಗೆದಿದ್ದರೆ ತಾತನ ಕಾಲದ ಮಣ್ಣೂ ಸಿಗುತ್ತಿತ್ತೇನೋ.

"ಬಲಗಾಲು ಕೊಡಿ, ಔತ ಚೇಟ್ಟಾ," ಎಂದರು ಇಗರ್ಜಿಯಲ್ಲಿ ಅವನ ಮುಂದೆ ಮಂಡಿಯೂರಿದ ಪಾದ್ರಿಗಳು.

ಔತಕುಟ್ಟಿ ಬಲಗಾಲನ್ನು ಸ್ಟೂಲಿನ ಕೆಳಗೆ ಅಡಗಿಸಿದ. ಎಡಗಾಲನ್ನೇ ಚಾಚಿದ.

"ಬಲಗಾಲು."

"ಬೇಡ ಪಾದ್ರಿಯಚ್ಚಾ. ನನ್ನ ಬಲಗಾಲಿಗೆ ಆ ಯೋಗ್ಯತೆ ಇಲ್ಲ."

ಪಾದ್ರಿಗಳ ಕೊರಳಲ್ಲಿ ಮೈಕಿತ್ತು. ಆ ಮಾತು ಇಗರ್ಜಿಯಿಡೀ ಮೊಳಗಿತು. ಎಂಥ ವಿನಯ ಎಂದು ಹೆಂಗಸರು ಅತ್ತ ಕಣ್ಣೀರು ಮೊಣಕಾಲು ಮುಟ್ಟಿತು.

ಪಾದ್ರಿಗಳು ಸ್ಟೂಲಿನ ಕೆಳಗೆ ಕೈಹಾಕಿ ಬಲಗಾಲನ್ನು ಎಳೆದೇಬಿಟ್ಟರು. ತಟ್ಟೆಯ ನೀರು ಹಾಲಿಲ್ಲದ ಕಟ್ಟಂಕಾಪಿಯಾಯಿತು. ಅವರು ಮುಖ ಸಿಂಡರಿಸಲಿಲ್ಲ. ಬೆರಳ ಸಂದಿಯನ್ನೂ ಬಿಡದೆ ತೊಳೆದು, ಒರೆಸಿ, ಮುತ್ತಿಟ್ಟು, ಮೈಕಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು: "ಉಳಿದ ಹನ್ನೊಂದು ಜನ ಮನೇಲೇ ತೊಳ್ಕೊಂಡು ಬಂದಿದಾರೆ, ಚೇಟ್ಟಾ. ಇವತ್ತು ನಾನು ನಿಜವಾಗಿ ತೊಳೆದದ್ದು ಇದೊಂದೇ ಕಾಲು."

ಔತಕುಟ್ಟಿ ಹೊಳೆಯುವ ಎಡಗಾಲನ್ನು ಸ್ಟೂಲಿನ ಕೆಳಗೆ ಸರಿಸಿದ.

ಸಂಜೆ ಏಲಿಕುಟ್ಟಿ ಅಪ್ಪದ ತಟ್ಟೆಯನ್ನು ಎದೆಗವಚಿಕೊಂಡು ನಿಂತಳು. "ಊರೆಲ್ಲ ನಿಮ್ಮನ್ನ ಪುಣ್ಯಾತ್ಮ ಅಂತಿದೆ. ನೀವೇನಂತೀರಿ?"

ನಾಲಗೆ ತುರಿಸಿತು. ಹೂಂ ಎಂದರೆ ಅಪ್ಪ ಹೋಗುತ್ತದೆ, ನಿಜ ಹೇಳಿದರೆ ಪುಣ್ಯಾತ್ಮನ ಪಟ್ಟ ಹೋಗುತ್ತದೆ. ಕಾಲಿನ ಮೇಲೆ ಆ ಮುತ್ತು ಇನ್ನೂ ಬೆಚ್ಚಗಿತ್ತು.

"ತಪ್ಪು ಕಾಲು ತಿಕ್ಕಿದ್ದೆ ಕಣೇ," ಎಂದ.

ಏಲಿಕುಟ್ಟಿ ಬಿದ್ದು ಬಿದ್ದು ನಕ್ಕು ತಟ್ಟೆಯನ್ನು ಅವನ ಮುಂದಿಟ್ಟಳು. "ಮುರೀರಿ. ಮೊದಲು ಕೈ ತೊಳ್ಕೊಳ್ಳಿ. ಎರಡೂ ಕೈ."

ಮೊನ್ನೆ ಈ ಕಥೆಯನ್ನು ಅವಳೆದುರೇ ಹೇಳಿದಾಗ ಅವಳು ನನ್ನತ್ತ ತಿರುಗಿದಳು. "ಚಾಕ್ಕೋ ಚೇಟ್ಟಾ, ಕರೆಂಟು ಎಲ್ಲಿ ಹೋಗಿತ್ತು? ಕರೆಂಟಿಲ್ದೆ ಮೈಕು ಹೇಗೆ ಮೊಳಗ್ತು? ಅದಿರ್ಲಿ, ಆ ಹನ್ನೊಂದು ಜನರಲ್ಲಿ ನೀವೂ ಇದ್ರಲ್ವಾ?"

ಕರೆಂಟು ಹೋಗಿರಲಿಲ್ಲ. ಔತಕುಟ್ಟಿಯ ಪಕ್ಕದ ಸ್ಟೂಲು ನನ್ನದೇ. ತಿಕ್ಕಿ ತಿಕ್ಕಿ ಬಲಗಾಲಿನ ಚರ್ಮ ಸುಲಿದುಕೊಂಡಿದ್ದೆ, ಮೇಲೊಂದಿಷ್ಟು ಹೆಂಡತಿಯ ಪೌಡರನ್ನೂ ಬಳಿದಿದ್ದೆ.