ನಲವತ್ತಾರು ಕಾರ್ಡುಗಳು

"ಒದ್ದೆ ಕೈಯಲ್ಲಿ ಮುಟ್ಟಬೇಡಿ ಅಮ್ಮಾ," ಎಂದು ಹಳೆಯ ಕಾರ್ಡುಗಳ ಸಂಗ್ರಾಹಕ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಹಿಂದಕ್ಕೆಳೆದುಕೊಂಡ.

ಲಾಂಡ್ರಿಯಲ್ಲಿ ಕೆಲಸಕ್ಕಿದ್ದ ಆಕೆ ಅಂಗಿಗೆ ಕೈ ಒರೆಸಿಕೊಂಡು, ಇಸ್ತ್ರಿ ಮೇಜಿನ ಮೇಲಿದ್ದ ಹೋಟೆಲಿನ ಬೆಡ್‌ಶೀಟುಗಳನ್ನು ಪಕ್ಕಕ್ಕೆ ಸರಿಸಿ ಬಗ್ಗಿ ನೋಡಿದಳು. ಪೆಟ್ಟಿಗೆಯೊಳಗಿನ ಕಾರ್ಡಿನಲ್ಲಿದ್ದದ್ದು ಅವಳದೇ ಮುಖ. ಮೂವತ್ತೆರಡು ವರ್ಷದ ಹಿಂದಿನದು. ಗೋಲ್‌ಕೀಪರ್, ಹಣೆ ತುಂಬ ಕೆಸರು, ಒಡೆದ ತುಟಿ.

ಚಾಕಲೇಟಿನ ಜೊತೆ ಬರುತ್ತಿದ್ದ ಫುಟ್‌ಬಾಲ್ ಆಟಗಾರ್ತಿಯರ ಕಾರ್ಡುಗಳವು. ತಂಡದ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿಯ ಕಾರ್ಡುಗಳು ಅಂಗಡಿಗಳಿಗೆ ಹೋದವು. ಇವಳ ಕಾರ್ಡು ನೋಡಿದ ಚಾಕಲೇಟ್ ಕಂಪನಿಯವರು, ಮುಖ ತೊಳೆದುಕೊಂಡು ಇನ್ನೊಂದು ಫೋಟೊ ತೆಗೆಸಿಕೋ ಎಂದರು. "ಆಡಿದ ಮುಖ ಇದೇ," ಎಂದಳು ಆಕೆ. ಅಚ್ಚಾಗಿದ್ದ ಅವಳ ಕಾರ್ಡುಗಳನ್ನೆಲ್ಲ ಕತ್ತರಿಸಿ ಹಾಕಿದರು. ಕಣ್ತಪ್ಪಿ ಹೊರಬಿದ್ದವು ಮೂರೇ ಎಂದು ಸಂಗ್ರಾಹಕರ ನಂಬಿಕೆ. ಅದರಲ್ಲಿ ಎರಡು ಇವನ ಬಳಿಯೇ ಇದ್ದವು.

"ಮಿಕ್ಕಿದ್ದೆಲ್ಲ ನಾಶ ಆಗಿದೆ ಅಂತ ಈ ಕಾಗದಕ್ಕೊಂದು ಸಹಿ ಹಾಕ್ಕೊಡಿ, ಸಾಕು."

"ಸುಳ್ಳಿಗೆ ಹೇಗಪ್ಪಾ ಸಹಿ ಹಾಕ್ಲಿ? ಅಚ್ಚು ಹಾಕಿದ ಪ್ರೆಸ್ಸಿನವರು ಒಂದು ಕಟ್ಟು ಎತ್ತಿಟ್ಟು ಕೊಟ್ಟಿದ್ರು. ಮನೇಲಿದೆ. ನಲವತ್ತಾರು."

ಅವನ ಮುಖ ಬಿಳಿಚಿಕೊಂಡಿತು. ಆಮೇಲೆ ದನಿ ಮೆತ್ತಗಾಯಿತು. "ಎಲ್ಲಾ ನಾನೇ ತಗೋತೀನಿ. ನಿಮ್ಮ ಎರಡು ವರ್ಷದ ಸಂಬಳ ಕೊಡ್ತೀನಿ. ನಿಮ್ಮೆದುರಿಗೇ ಕತ್ತರಿಸಿಬಿಡೋಣ."

"ಕತ್ತರಿಸೋಕೆ ತಗೋತೀರಾ?"

"ಅಪರೂಪ ಆದ್ರೇನೇ ಅಮ್ಮಾ ಬೆಲೆ."

"ಅಪರೂಪ ಅಲ್ಲ ಅದು. ಬೇಡ ಅಂತ ಬಿಸಾಕಿದ್ದು," ಎಂದು ಆಕೆ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು.

ಸಂಜೆ ಮನೆಯಲ್ಲಿ ಸುದ್ದಿ ಕೇಳಿ ತಂಗಿ ರೇಗಿದಳು. "ನಿನ್ನ ಹಟಕ್ಕಿಷ್ಟು ಬೆಂಕಿ ಹಾಕ! ಸೊಂಟ ಬಿದ್ದುಹೋಗಿದೆ, ಇನ್ನೂ ಊರವರ ಬಟ್ಟೆ ಉಜ್ಜುತ್ತಾ ಇರ್ತೀಯಾ? ಬರೀ ಕಾಗದ ಕಣೇ ಅಕ್ಕಾ, ಕೊಟ್ಟು ಸುಮ್ನಿರು."

"ಅವತ್ತು ಕತ್ತರಿಸಿದಾಗ ನನ್ನ ಕೇಳ್ಲಿಲ್ಲ. ಇವತ್ತು ಕೇಳ್ತಿದಾರೆ. ಬೇಡ ಅನ್ನೋಕೆ ಈಗ ಅವಕಾಶ ಸಿಕ್ಕಿದೆ ಕಣೇ, ಅನ್ನದೆ ಬಿಡ್ತೀನಾ?"

ತಂಗಿ ಪಾತ್ರೆಗೆ ಮುಚ್ಚಳ ಕುಕ್ಕಿ ಎದ್ದುಹೋದಳು.

ಭಾನುವಾರ ಬೆಳಿಗ್ಗೆ ಆಕೆ ಕಟ್ಟು ಹಿಡಿದು ಶಾಲೆಯ ಮೈದಾನಕ್ಕೆ ಹೋದಳು. ಅಲ್ಲಿ ಫುಟ್‌ಬಾಲ್ ಆಡುತ್ತಿದ್ದ ಹುಡುಗಿಯರಿಗೆಲ್ಲ ಒಂದೊಂದು ಕಾರ್ಡು ಹಂಚಿದಳು.

"ಇದು ನೀವಾ ಆಂಟಿ? ತುಟಿಗೇನಾಗಿತ್ತು?"

"ಬಾಲ್ ಬಡೀತು. ಗೋಲ್ ಬಿಡಲಿಲ್ಲ."

ಸುದ್ದಿ ಸಂಗ್ರಾಹಕನಿಗೆ ಮುಟ್ಟಿತು. ಮುಂದಿನ ಭಾನುವಾರ ದುಡ್ಡಿನ ಲಕೋಟೆಗಳನ್ನು ಹಿಡಿದು ಮೈದಾನಕ್ಕೇ ಬಂದ. ಇಬ್ಬರು ಹುಡುಗಿಯರು ತಮ್ಮ ಕಾರ್ಡು ಅಲ್ಲೇ ಮಾರಿಬಿಟ್ಟರು. ಅವರು ಅಳುಕುತ್ತಾ ತನ್ನತ್ತ ನೋಡಿದಾಗ, ಅಂದೂ ಆಟ ನೋಡಲು ಬಂದಿದ್ದ ಆಕೆ, "ನಿಮ್ಮದು, ನಿಮ್ಮಿಷ್ಟ. ಒಳ್ಳೆ ಬೂಟ್ ತಗೊಳ್ಳಿ," ಎಂದು ನಕ್ಕಳು.

ಅವನು ಗೋಲು ಕಾಯುತ್ತಿದ್ದ ಕುಳ್ಳಿ ಹುಡುಗಿಯತ್ತ ಹೋದ. "ಪಾಪು, ನಿನ್ನ ಹತ್ರ ಇದ್ಯಲ್ಲ ಕಾರ್ಡು, ಅವರಿಬ್ಬರಿಗೆ ಕೊಟ್ಟಷ್ಟು ದುಡ್ಡು ನಿನ್ನೊಬ್ಬಳಿಗೇ ಕೊಡ್ತೀನಿ."

ಕುಳ್ಳಿ ತಿರುಗಲಿಲ್ಲ. "ಅಂಕಲ್, ಗೆರೆ ಆಚೆ ನಿಂತ್ಕೊಳ್ಳಿ. ಆಟ ನಡೀತಿದೆ."

ಅವನು ಹಿಂದೆ ಸರಿದು ನಿಂತ. ಚೆಂಡು ಅತ್ತ ಹೋಯಿತು, ಇತ್ತ ಬಂತು. ಅವನ ಕಪ್ಪು ಬೂಟುಗಳಿಗೆ ಗೆರೆಯ ಸುಣ್ಣ ಮೆತ್ತಿಕೊಂಡಿತ್ತು.