ಬುದ್ಧಿವಂತೆಯ ಪಣತಿ

ಆಟೋದ ಬೆಳಕು ವೆಂಟಿಲೇಟರಿನಿಂದ ಒಳಗೆ ನುಗ್ಗಿ ಗೋಡೆಯ ಮೇಲಿನ ಅವ್ವನ ಫೋಟೋ ಸವರಿಕೊಂಡು ಹೋಯಿತು, ಇಲ್ಲ, ಹೋಗಲಿಲ್ಲ, ನಿಂತಿತು, ನಮ್ಮ ಬಾಗಿಲಿಗೇ ನಿಂತಿದೆಯಲ್ಲ ಇದು — ಇವರು ಬಂದರೇನೋ, ಇವರಾಗಿದ್ದರೆ ಗಾಡಿಯ ಸಪ್ಪಳ ಓಣಿಯ ತಿರುವಿನಿಂದಲೇ ಕೇಳಬೇಕಿತ್ತು, ಜನವಾಡದ ಪ್ರಾರ್ಥನೆಗೆ ಹೋದವರು ಇಷ್ಟು ಬೇಗ ಬರುವವರೂ ಅಲ್ಲ, ಪ್ರಾರ್ಥನೆ ಚಿಕ್ಕದು, ಆಮೇಲಿನ ಚಹಾ ಮತ್ತು ಬರಗಾಲದ ಮಾತೇ ಉದ್ದ — ಕರೆಂಟು ಹೋಗಿದೆ, ಈಗಷ್ಟೇ ಕಂದೀಲಿನ ಗಾಜು ಒರೆಸಿ ಹಚ್ಚಿದ್ದೇನೆ, ಬೆರಳಿಗೆ ಸೀಮೆಎಣ್ಣೆಯ ವಾಸನೆ ಹತ್ತಿದೆ, ಹೊರಗೆ ಕೊಡ ಉರುಳಿತು, ಟ್ಯಾಂಕರಿಗೆಂದು ಸಾಲಾಗಿ ಇಟ್ಟ ಕೊಡಗಳಿಗೆ ಯಾರದೋ ಕಾಲು ತಾಗಿದೆ, ನಮ್ಮ ಓಣಿಯವರಾದರೆ ತಾಗಿಸುವುದಿಲ್ಲ, ಈ ವರ್ಷ ಬೀದರಿನಲ್ಲಿ ಎಲ್ಲರೂ ಕತ್ತಲೆಯಲ್ಲಿ ಕೊಡ ತಪ್ಪಿಸಿ ನಡೆಯುವುದನ್ನು ಕಲಿತಿದ್ದಾರೆ — ಬಾಗಿಲು ಬಡಿದರು, ಬೆರಳಿನ ಗೆಣ್ಣಿನಿಂದ, ಮೆಲ್ಲಗೆ, ಯಾರು ಎಂದು ನಾನು ಕೇಳುವಷ್ಟರಲ್ಲಿ, ಅಕ್ಕಾ, ನಾ ಕೌಸಿ ಬಂದೀನಿ. ಕೌಸಿ, ಕೌಸಲ್ಯಾಬಾಯಿ, ನನ್ನ ಬೆನ್ನಿಗೆ ಬಿದ್ದ ತಂಗಿ, ಅವ್ವನನ್ನು ಮಣ್ಣು ಮಾಡಿದ ಮೇಲೆ ಈ ಮನೆಯಲ್ಲಿ ಯಾರೂ ಎತ್ತದ ಹೆಸರು. ಆಟೋ ಹೋಯಿತು. ಅವಳು ಹೋಗಲಿಲ್ಲ. ಉಸಿರು ಬಿಗಿಹಿಡಿದು ಕೂತಿದ್ದೇನೆ, ಮಕ್ಕಳ ಕಳ್ಳಾಟಗಳನ್ನೆಲ್ಲ ಹಿಡಿದ ಟೀಚರಮ್ಮ ಸುವಾರ್ತಾಬಾಯಿ ಈಗ ಸ್ವತಃ ಕಳ್ಳಿಯಂತೆ ಮುದುಡಿ ಕೂತಿದ್ದಾಳೆ, ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿದು ಹೋಗಲಿ, ಹೋಗಲಿ ಅವಳು — ಕಂದೀಲಿನ ಬೆಳಕು ಕಾಣ್ತದಕ್ಕಾ ಬಾಗಲ ಸಂದ್ಯಾಗ, ನೀ ಒಳಗ ಇದ್ದಿ.

ಬೆಳಕು ನನ್ನನ್ನು ಹಿಡಿದುಕೊಟ್ಟಿತು. ಇಲ್ಲವೆನ್ನಬೇಕಾದರೆ ಈಗ ಕಂದೀಲು ಆರಿಸಬೇಕು, ಕೀಲಿ ತಿರುವಿದರೆ ಬತ್ತಿ ಇಳಿಯುತ್ತದೆ, ಒಂದು ಉಫ್ ಅಂದರೆ ಮುಗಿಯಿತು, ಅವಳಿಗೂ ಗೊತ್ತಾಗುತ್ತದೆ, ಗೊತ್ತಾಗಲೆಂದೇ ಆರಿಸುವುದು — ಆದರೆ ಇದು ಅವ್ವನ ಕಂದೀಲು, ಔರಾದದ ಆಚೆಯ ನಮ್ಮೂರಿನ ಮನೆಯ ಕಿಟಕಿಯಲ್ಲಿ ಇದು ಯಾರಿಗಾಗಿ ಉರಿಯುತ್ತಿತ್ತು, ನನಗಾಗಿ ಅಲ್ಲ, ನಾನು ಬೀದರಿನಲ್ಲಿ ನೌಕರಿಯಲ್ಲಿದ್ದೆ, ಹೇಳಿದ ದಿನ ಹೇಳಿದ ಬಸ್ಸಿಗೆ ಹೋಗುತ್ತಿದ್ದೆ, ನನಗೆ ಕಂದೀಲು ಬೇಕಿರಲಿಲ್ಲ — ಇದು ಉರಿದದ್ದು ಇವಳಿಗಾಗಿ. ಹಿಂದೊಂದು ಬರದಲ್ಲಿ ಇವಳ ಗಂಡ ಮಚ್ಛೇಂದ್ರ ಇವಳನ್ನು ಕರೆದುಕೊಂಡು ಪುಣೆಗೆ ಇಟ್ಟಂಗಿ ಹೊರಲು ಹೋದ ಮೇಲೆ ಅವ್ವ ದಿನಾ ಹೊತ್ತು ಮುಳುಗುವ ಹೊತ್ತಿಗೆ ಇದರ ಗಾಜು ಒರೆಸುತ್ತಿದ್ದಳು, ಕೌಸಿ ಬಂದ್ರ ದಾರಿ ಕಾಣ್ಬೇಕು, ಬೀದಿದೀಪ ಬಂದು ಎಷ್ಟೋ ವರ್ಷವಾಗಿತ್ತು, ಹೇಳಿದರೆ ಕೇಳಬೇಕಲ್ಲ, ಅದು ಸರಕಾರದ ದೀಪ, ಇದು ನಂದು. ಹಾಸಿಗೆ ಹಿಡಿದ ಮೇಲೂ ಕಣ್ಣು ಕಿಟಕಿಯ ಕಡೆಗೆ, ಕಂದೀಲ ಏರ್ಸು ಸುವಾರ್ತಾ, ಬತ್ತಿ ಸಣ್ಣದಾಗ್ಯಾದ, ನಾನು ಏರಿಸಿದೆ, ನಾನೇ ಗಂಜಿ ಕುಡಿಸಿದೆ, ನಾನೇ ಮಗ್ಗುಲು ಬದಲಿಸಿದೆ, ಕೇಳಿದ್ದು ಮಾತ್ರ ಕೌಸಿಯನ್ನು, ಹೊಟ್ಟೆ ಉರಿಯಿತು, ಉರಿಯದೇ ಇರುತ್ತದೆಯೇ. ಪುಣೆಗೆ ಸುದ್ದಿ ಹೋಗಿತ್ತು. ಬರ್ತೇನಿ ಅಂದಿದ್ದಳು. ಅವ್ವ ಹೋದಳು, ಮಣ್ಣು ಹಾಕಿದೆವು, ಹೂವು ಬಾಡಿದ ಮೇಲೆ ಬಂದಳು ಮಹಾರಾಯಿತಿ, ಬಂದವಳು ಹೇಳಿದ್ದೇನು, ಭಾಲ್ಕಿ ಟೇಶನ್ ತನಕಾ ಬಂದಿದ್ದೆನಕ್ಕಾ, ರೈಲು ಇಳದು ಬೆಂಚಿನ ಮ್ಯಾಲ ಕುಂತೆ, ಅವ್ವ ಸಾಯೂದು ನೋಡಾಕ ಧೈರ್ಯ ಆಗಲಿಲ್ಲ, ಅಲ್ಲೇ ಕುಂತೆ, ತಿರುಗಿ ಹೋದೆ. ಭಾಲ್ಕಿ! ಪುಣೆಯಿಂದ ಭಾಲ್ಕಿಯವರೆಗೆ ಬಂದವಳಿಗೆ ಭಾಲ್ಕಿಯಿಂದ ಅವ್ವನ ಹಾಸಿಗೆಯವರೆಗೆ ಬರಲು ಆಗಲಿಲ್ಲ, ಇತ್ತ ಅವ್ವ ಕಿಟಕಿ ನೋಡುತ್ತಿದ್ದಳು, ಅತ್ತ ಇವಳು ಬೆಂಚಿನ ಮೇಲೆ ಕೂತಿದ್ದಳು. ಚರ್ಚಿನ ಗೇಟಿನಲ್ಲಿ ಎಲ್ಲರೆದುರಿಗೆ ಹೇಳಿದೆ, ನೀ ಯಾರೋ ನನಗ ಗುರುತಿಲ್ಲ. ಆ ಮಾತು ಎಲ್ಲಿಯದೆಂದು ಅವಳಿಗೆ ಗೊತ್ತಿತ್ತು, ನಮ್ಮೂರ ಚರ್ಚಿನ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವ ಮಾತು, ಅವಳ ಮುಖ ಬಿಳಿಚಿತು, ಬಿಳಿಚಲಿ ಎಂದೇ ಹೇಳಿದ್ದು.

ಅಕ್ಕಾ — ಮತ್ತೆ ಗೆಣ್ಣಿನ ಸಪ್ಪಳ — ಕೊಡಾ ಎಬ್ಬಿಸಿ ಇಟ್ಟೀನಿ, ಖಾಲಿ ಇತ್ತು, ನೀರು ಚೆಲ್ಲಿಲ್ಲ. ನೋಡು, ಈ ವಯಸ್ಸಿನಲ್ಲೂ ಅದೇ ದನಿ, ಏನಾದರೂ ಬೀಳಿಸಿ ಆಮೇಲೆ ಚೆಲ್ಲಿಲ್ಲ ಎನ್ನುವ ದನಿ, ಆಗಲೂ ಹೀಗೆಯೇ, ಎಪ್ಪತ್ತೆರಡರ ಬರದ ಕ್ರಿಸ್‌ಮಸ್ಸಿಗೆ, ಆರು ವರ್ಷದ ಪೋರಿ, ಮೂಗಿನಲ್ಲಿ ಸಿಂಬಳ, ಕೈಯಲ್ಲಿ ಪಣತಿ — ಹತ್ತು ಪಣತಿಯ ಆಟ, ಪ್ರತಿ ವರ್ಷ ಚರ್ಚಿನ ಅಂಗಳದಲ್ಲಿ, ನಮ್ಮ ವೇದ ಬೈಬಲ್ಲಿನೊಳಗಿನ ಕಥೆ, ಮದುವೆಯ ದಿಬ್ಬಣಕ್ಕೆ ದೀಪ ಹಿಡಿದು ಕಾದ ಹತ್ತು ಹುಡುಗಿಯರು, ಐವರು ಬುದ್ಧಿವಂತೆಯರು, ಹೆಚ್ಚಿನ ಎಣ್ಣೆ ತಂದವರು, ಐವರು ಬುದ್ಧಿಗೇಡಿಗಳು, ತರದವರು, ಮದಲಿಂಗ, ಮದುಮಗ, ತಡಮಾಡುತ್ತಾನೆ, ದೀಪ ಆರುತ್ತವೆ, ಎಣ್ಣೆ ಕೇಳಿದರೆ ನಮಗೂ ನಿಮಗೂ ಸಾಲದು, ಆಮೇಲೆ ಬಾಗಿಲು ಮುಚ್ಚುತ್ತದೆ, ಹೊರಗಿನಿಂದ ಬಡಿದವರಿಗೆ ಒಳಗಿನಿಂದ ನಿಮ್ಮ ಗುರುತು ನನಗಿಲ್ಲ ಎನ್ನುವ ಉತ್ತರ. ಪ್ರತಿ ಮನೆಯವರೂ ತಮ್ಮ ಹುಡುಗಿಯ ಪಣತಿಗೆ ತಾವೇ ಎಣ್ಣೆ ಹಾಕಿ ಕಳಿಸಬೇಕು, ಅದು ಪದ್ಧತಿ. ಆ ವರ್ಷ ಮನೆಗಳೆಲ್ಲಿ, ಅರ್ಧ ಊರು ಗುಳೆ ಹೋಗಿತ್ತು, ಉಳಿದವರು ಕಾಮಗಾರಿಯಲ್ಲಿ ಕಲ್ಲು ಒಡೆದು ಕೆಂಪು ಜೋಳದ ರೊಟ್ಟಿ ತಿನ್ನುತ್ತಿದ್ದರು, ಆ ರೊಟ್ಟಿಯ ವಾಸನೆ, ದೇವರೇ, ಈಗ ನೆನೆದರೆ ಅದೂ ಚಂದ. ಹತ್ತು ಹುಡುಗಿಯರು ಸಿಗದೆ ಪಕ್ಕದ ಮನೆಯ ಖುರ್ಷಿದ ಬೇಗಂಗೆ ಕೇಳಿ ಅವರ ಚಾಂದಬೀಯನ್ನೂ ಕರೆತಂದರು, ಬೇಗಂ ಕಳಿಸಿದಳು, ಒಂದೇ ಷರತ್ತು, ನಮ್ಮ ಚಾಂದೂನ ಅಕಲ್ ಇದ್ದವರ ಸಾಲಿನಾಗ ನಿಂದ್ರಿಸ್ರಿ, ಬುದ್ಧಿಗೇಡಿ ಮಾಡಿದ್ರ ಕಳಸೂದಿಲ್ಲ. ಹೀಗಾಗಿ ಬುದ್ಧಿವಂತೆಯರ ಸಾಲಿನಲ್ಲಿದ್ದ ಕೌಸಿ ಬುದ್ಧಿಗೇಡಿಗಳ ಸಾಲಿಗೆ ಬಂದಳು. ಮದಲಿಂಗನಾಗುವ ಪಂಢರಿ ಅಪ್ಪನ ಜೊತೆ ಗುಳೆ ಹೋಗಿದ್ದ, ಪಾಸ್ಟರ್ ದೇವದಾನ ಅಯ್ಯನವರೇ ಬಾಸಿಂಗ ಕಟ್ಟಿಕೊಂಡರು, ನರೆತ ಮೀಸೆಯ ಮದಲಿಂಗ, ನಾವು ನಕ್ಕು ನಕ್ಕು ಸಾಕಾದೆವು.

ಅವ್ವ ಇದ್ದ ಕುಸುಬಿ ಎಣ್ಣೆಯನ್ನೆಲ್ಲ ನನ್ನ ಪಣತಿಗೆ ಹೊಯ್ದಿದ್ದಳು, ನಾನು ಬುದ್ಧಿವಂತೆಯಲ್ಲವೇ, ನನ್ನದು ಉರಿಯಬೇಕು, ಕೌಸಿಯದಕ್ಕೆ ಬೆರಳದ್ದಿ ಬತ್ತಿಗೆ ಸವರಿದ್ದಷ್ಟೇ, ಅವಳದು ಆರಲೇಬೇಕಾದದ್ದು. ಆರಿತು. ಆಟ ಅಂತ ಅವಳಿಗೆ ಹೇಳಿತ್ತು, ಹತ್ತು ಸಲ ಹೇಳಿತ್ತು, ಆರಿದ ಮೇಲೆ ಅದು ಅವಳಿಗೆ ಆಟವಾಗಿ ಉಳಿಯಲಿಲ್ಲ. ಕಂಬಳಿ ಕಟ್ಟಿ ಮಾಡಿದ ಬಾಗಿಲ ಆಚೆ ನಿಂತು, ಕರ್ತನೇ ಕರ್ತನೇ ನಮಗೆ ತೆರೆ ಎಂದು ಕೂಗಬೇಕಾದವಳು ಬೇರೆಯೇ ಕೂಗಿದಳು, ಅಕ್ಕಾ, ಬಾಗಲಾ ತಗಿ, ಕತ್ತಲ್ಯಾಗ ಹೆದರಕಿ ಬರ್ತದ. ಜನ ನಕ್ಕರು. ನಾನು ಒಳಗೆ ಪಣತಿ ಹಿಡಿದು ಬೆವರುತ್ತಾ ನನ್ನ ಮಾತು ಒಪ್ಪಿಸಿದೆ, ನಮಗೂ ನಿಮಗೂ ಸಾಲದು, ಸ್ಪಷ್ಟವಾಗಿ, ಒಂದಕ್ಷರ ತಪ್ಪದೆ, ಅಯ್ಯನವರು ಬಾಸಿಂಗದೊಳಗಿನಿಂದ ನನ್ನನ್ನು ನೋಡಿ, ಅವಳನ್ನು ನೋಡಿ, ತಮ್ಮ ಮಾತು ಮರೆತರು, ಬೆಳಗ್ಗೆ ನಮ್ಮ ಮನೆಯಲ್ಲೇ ರೊಟ್ಟಿ ತಿಂದವರು ಅವಳ ಗುರುತಿಲ್ಲ ಎಂದು ಹೇಗೆ ಹೇಳುತ್ತಾರೆ — ಆಗ ಅವ್ವ ಎದ್ದಳು. ಜನರ ನಡುವಿನಿಂದ, ಪುತಳಾಬಾಯಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಜೋಳ ಹಸನು ಮಾಡುವಾಗ ಏಳುವ ಹಾಗೆಯೇ ಎದ್ದು, ಕಂಬಳಿ ಸರಿಸಿ ಕೌಸಿಯನ್ನು ಒಳಗೆಳೆದಳು, ನನ್ನ ಕೈಯೊಳಗಿನ ಪಣತಿ ತೆಗೆದುಕೊಂಡು ವಾಲಿಸಿದಳು, ಕಲ್ಲು ಒಡೆದು ಗಾಯವಾದ ಕೈ, ಚಿಂದಿ ಸುತ್ತಿದ ಹೆಬ್ಬೆರಳು, ಎಣ್ಣೆ ಸಣ್ಣ ಎಳೆಯಾಗಿ ನನ್ನದರಿಂದ ಕೌಸಿಯದಕ್ಕೆ ಇಳಿಯಿತು, ಒಂದು ಹನಿ ನೆಲಕ್ಕೆ ಬೀಳಲಿಲ್ಲ. ಪುತಳಾಬಾಯಿ, ವೇದದಾಗ ಹಂಗಿಲ್ಲವಾ, ಅಂದರು ಅಯ್ಯನವರು. ಇರ್ಲಿ ಬಿಡ್ರಿ ಅಯ್ಯನೋರೆ, ಅಂದಳು ಅವ್ವ, ವೇದದಾಗಿನ ಆ ಪೋರಿಗಳ ಅವ್ವ ಅಲ್ಲಿ ಇದ್ದಿಲ್ಲ ಕಾಣ್ತದ.

ಅದಾದ ಮೇಲೆ ನಮ್ಮೂರಲ್ಲಿ ಆಟ ಹಾಗೆಯೇ ಆಯಿತು, ಪ್ರತಿ ವರ್ಷ ಯಾರಾದರೊಬ್ಬಳ ಅವ್ವ ಎದ್ದು ಬರುವುದು, ಎಣ್ಣೆ ಹಂಚುವುದು, ಹತ್ತೂ ಜನ ಒಳಗೆ ಹೋಗುವುದು, ಹೊರಗಿನಿಂದ ಬಂದ ದೊಡ್ಡ ಪಾಸ್ಟರರು ಒಮ್ಮೆ ಸಿಟ್ಟಾದರೂ ಊಟ ಮಾಡಿಕೊಂಡೇ ಹೋದರು. ಬೀದರಿನಲ್ಲಿ ಟೀಚರ್ ಟ್ರೇನಿಂಗ್ ಮಾಡುವಾಗ ನಾನೂ ಅವ್ವನಿಗೆ ತಿದ್ದಿದೆ, ಎಣ್ಣೆ ಅಂದರೆ ಎಣ್ಣೆಯಲ್ಲ, ಅದು ಅವರವರ ವಿಶ್ವಾಸ, ಒಬ್ಬರದನ್ನು ಒಬ್ಬರಿಗೆ ಕೊಡಲು ಬರುವುದಿಲ್ಲ, ಬಾಗಿಲು ಮುಚ್ಚುವುದೇ ಕಥೆಯ ಅರ್ಥ, ಅವ್ವ ರೊಟ್ಟಿ ಬಡಿಯುತ್ತಾ ಎಲ್ಲ ಕೇಳಿದಳು, ಖರೇ ಇರ್ಬಹುದು, ನೀ ಓದಿದಾಕಿ. ಚರ್ಚಿನೊಳಗೆ ಎಡಗೋಡೆಗೆ ದೇವರು ಬೆಳಕು ಎಂದು, ಬಲಗೋಡೆಗೆ ದೇವರು ಪ್ರೀತಿ ಎಂದು ಕೆಂಪು ಬಣ್ಣದಲ್ಲಿ ಬರೆಸಿದ್ದರು, ಓದಲು ಬಾರದ ಅವ್ವ ಎರಡೂ ಕಡೆ ಒಂದೇ ಮಾತಿದೆ ಎಂದು ತಿಳಿದಿದ್ದಳು, ಅಲ್ಲವ್ವಾ ಬೇರೆ ಬೇರೆ, ಇದು ಬೆಳಕು, ಅದು ಪ್ರೀತಿ, ಎರಡು ಮಾತು, ಎಂದು ನಾನು ಬೆರಳಿಟ್ಟು ತೋರಿಸಿದೆ, ಅವಳು ಎರಡೂ ಗೋಡೆ ನೋಡಿ, ಬಣ್ಣ ಒಂದೇ ಹಚ್ಯಾರಲ್ಲ, ಅಂದಳು. ಅವ್ವಾ, ನಿನ್ನನ್ನು ಕಂಡರೆ ಎಷ್ಟು ಸಿಟ್ಟು ಬರುತ್ತಿತ್ತು ನನಗೆ, ಎಷ್ಟು ನೆನಪಾಗುತ್ತೀ ಈಗ.

ಅಕ್ಕಾ, ಮಚ್ಛೇಂದ್ರ ತೀರಿ ಹ್ವಾದ, ನಿನಗ ತಿಳಿದಿರ್ಬೇಕು. ತಿಳಿದಿತ್ತು, ಕಮಲನಗರದಲ್ಲಿ ಸಿಕ್ಕ ಯಾರೋ ಹೇಳಿದ್ದರು, ನಾನು ಹೌದಾ ಎಂದು ಬಸ್ಸು ಹತ್ತಿದ್ದೆ. ಪುಣೇದಾಗ ಕೆಲಸ ನಿಂತಾದ, ನನಗ ಹೋಗಾಕ ಜಾಗಾ ಇಲ್ಲ, ಇರಾಕ ಬಂದೀನಿ ಅಕ್ಕಾ, ಒಂದಿನಕ್ಕಲ್ಲ. ಇರಲು ಬಂದಿದ್ದಾಳೆ, ಕೇಳಿದೆಯಾ ಅವ್ವಾ, ಇರಲು, ಇಲ್ಲಿ ಬೋರು ಬತ್ತಿದೆ, ಟ್ಯಾಂಕರು ಬಂದರೆ ಬಂತು ಇಲ್ಲದಿದ್ದರೆ ಇಲ್ಲ, ನನಗೂ ಇವರಿಗೂ ಅಳೆದು ಅಳೆದು ಸ್ನಾನ, ನಮಗೂ ನಿಮಗೂ ಸಾಲದು, ಎಷ್ಟು ಚೆನ್ನಾಗಿ ಬಾಯಿಗೆ ಬರುತ್ತದೆ ಈ ಮಾತು, ಬಾಲ್ಯದಲ್ಲಿ ಕಲಿತದ್ದು ಮರೆಯುವುದಿಲ್ಲ, ಹೇಳಿಬಿಡಲೇ, ಅಥವಾ ಏನೂ ಹೇಳದೆ ಕಂದೀಲಿನ ಕೀಲಿ ತಿರುವಿ ಆರಿಸಲೇ — ಬೆರಳು ಆಗಲೇ ಕೀಲಿಯ ಮೇಲಿದೆ, ಬಿಸಿಯಾಗಿದೆ ತಗಡು — ಈ ಸಲ ಭಾಲ್ಕ್ಯಾಗ ಕುಂದರಲಿಲ್ಲಕ್ಕಾ, ಇಳದಾಕಿನೇ ಬಸ್ ಹತ್ತಿದೆ, ಔರಾದಕ್ಕ ಹೋಗಿ, ಊರಿಗಿ ಹೋಗಿ, ಅವ್ವನ ಗೋರಿ ನೋಡಿ ಬಂದೀನಿ, ಮೇಣಬತ್ತಿ ಹಚ್ಚಿದೆ, ಗಾಳಿಗಿ ನಿಲ್ಲವಲ್ದು, ಆರ್ತು, ಮತ್ತ ಹಚ್ಚಿದೆ, ಮತ್ತ ಆರ್ತು. ಅಳುತ್ತಿದ್ದಾಳೆ, ಸದ್ದಿಲ್ಲದೆ, ಬಾಗಿಲಿಗೆ ಹಣೆ ಹಚ್ಚಿರಬೇಕು, ಹಲಗೆ ಸಣ್ಣಗೆ ನಡುಗುತ್ತಿದೆ, ಬೆಂಚಿನ ಮೇಲೂ ಹೀಗೆಯೇ ಅತ್ತಿದ್ದಳೇ, ಆ ದಿನ, ಒಬ್ಬಳೇ, ಕತ್ತಲೆಗೆ ಹೆದರುವವಳು, ಅವ್ವನಿಗೆ ಗೊತ್ತಿತ್ತು, ಇವಳು ಹೆದರುತ್ತಾಳೆಂದು ಅವ್ವನಿಗೆ ಗೊತ್ತಿತ್ತು, ಅದಕ್ಕೇ ಕಂದೀಲು, ನನಗಿಂತ ಇವಳ ಮೇಲೆ ಹೆಚ್ಚಿನ ಪ್ರೀತಿಗಲ್ಲ, ನನ್ನದು ಹೇಗೂ ಉರಿಯುತ್ತಿತ್ತು ಎಂದು — ನನಗೆ ಸಿಟ್ಟು ಹೋಗಿಲ್ಲ, ಕೌಸಿ, ಹೋಗಿಲ್ಲ, ಬೈಯುತ್ತೇನೆ ನಿನಗೆ, ಬೆಳಗಾಗುವ ತನಕ ಬೈಯುತ್ತೇನೆ. ಅಕ್ಕಾ, ಬಾಗಲಾ ತಗಿ. ಕೀಲಿ ತಿರುಗಿತು, ಯಾವ ಕಡೆ ತಿರುಗಿತು, ಬತ್ತಿ ಏರಿದೆ, ಗಾಜಿನ ತುಂಬ ಬೆಳಕು, ಗೋಡೆಯ ಮೇಲೆ ಅವ್ವ ಪೂರಾ ಕಾಣುತ್ತಿದ್ದಾಳೆ, ಎದ್ದಿದ್ದೇನೆ, ಎಡಗೈಯಲ್ಲಿ ಕಂದೀಲು, ಬಲಗೈ ಚಿಲಕದ ಮೇಲೆ, ಚಿಲಕ ಬಿಗಿಯಾಗಿದೆ, ಜಗ್ಗಿದೆ, ಸರಿಯಿತು, ಬಾಗಿಲ ಆಚೆ ನರೆತ ತಲೆಯ ಆರು ವರ್ಷದ ಪೋರಿ, ಮೂಗು ಒರೆಸಿಕೊಳ್ಳುತ್ತಿದ್ದಾಳೆ, ನನ್ನ ಕೈ ನೋಡುತ್ತಿದ್ದಾಳೆ, ನಾನೂ ನೋಡುತ್ತಿದ್ದೇನೆ, ಅವ್ವನ ಕೈ, ಚಿಂದಿ ಸುತ್ತಿದ ಹೆಬ್ಬೆರಳು, ಪಣತಿ ವಾಲುತ್ತಿದೆ, ಎಣ್ಣೆ ಸಣ್ಣ ಎಳೆಯಾಗಿ ಇಳಿಯುತ್ತಿದೆ, ಇಳಿಯುತ್ತಿದೆ —